ಎಡೆ ಇಡುವ ಗೋಡೆ

ಹಿರಿಯರ ಹಬ್ಬಕ್ಕೆ ಇನ್ನೊಂದೇ ದಿನವಿತ್ತು. ಹಾರನಹಳ್ಳಿಯ ಹೊಸ ಮನೆಯಲ್ಲಿ, ಸುಣ್ಣದ ವಾಸನೆ ಇನ್ನೂ ಆರದ ನಡುಮನೆಯ ಗೋಡೆಯೆದುರು ಚಲುವಮ್ಮ ಕೂತಿದ್ದಳು. ಗಂಡ ಹುಚ್ಚಣ್ಣ ಸತ್ತು ಮೂವತ್ತು ವರ್ಷದ ಮೇಲಾಗಿತ್ತು; ಆಗ ಮಗ ಇನ್ನೂ ಕೈಗೂಸು. ಅವನದೊಂದು ಫೋಟೊ ಎಂಬುದು ಎಲ್ಲೂ ಇರಲಿಲ್ಲ. ಪ್ರತಿ ಹಬ್ಬಕ್ಕೂ ಒಂದು ಕಳಸ, ಒಂದು ಹೊಸ ಪಂಚೆ ಇಟ್ಟು ಅದರ ಮುಂದೆಯೇ ಎಡೆ ಬಡಿಸುತ್ತಿದ್ದರು. ಹೊಸ ಮನೆ ನೋಡಲು ಬಂದ ನೆಂಟರೆಲ್ಲ "ಅಪ್ಪನ ಪಟ ಎಲ್ಲಿ?" ಎಂದು ಕೇಳಿದ್ದು ಮಗ ಭೀಮರಾಜ್ ಮೇಷ್ಟ್ರಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅದಕ್ಕೇ ಅರಸೀಕೆರೆಯಲ್ಲಿ ಅಂಗಡಿ ಬೋರ್ಡು ಬರೆಯುವ ಮಧುಕುಮಾರನನ್ನು ಕರೆಸಿದ್ದ.

"ಮೂಗು ಯಾರ ಥರ ಅವ್ವಾ?" ಎಂದ ಮಧುಕುಮಾರ.

"ನಮ್ ಭೀಮುಂದೇ ಕಣಪ್ಪ."

"ಹಣೆ?"

"ಅಗಲ... ಅಗಲಾನೇ ಇರ್ಬೇಕು."

ಅವಳು ತಡವರಿಸಿದಾಗಲೆಲ್ಲ ಭೀಮರಾಜ್ ತಾನೇ ಹೇಳಿಕೊಟ್ಟ. ಪಟಗಳಲ್ಲಿನ ದೊಡ್ಡ ಮನುಷ್ಯರಂತೆ ಕರೀ ಕೋಟು, ಜರಿ ರುಮಾಲು ಹಾಕಿಸಿದ. ಸಂಜೆಗೆ ಗೋಡೆಯ ಮೇಲೆ ಒಬ್ಬ ಗಂಡಸು ಎದ್ದು ಕೂತ.

"ಮಾವ ಪಟೇಲ್ರಂಗೆ ಅವ್ರೆ!" ಎಂದು ಸೊಸೆ ಮಾಲಿನಿ ನಕ್ಕಳು.

ಚಲುವಮ್ಮ ನಗಲಿಲ್ಲ. ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು.

"ಯಾರ್ಲಾ ಇವ್ನು?"

"ಅಪ್ಪ ಕಣವ್ವ."

"ಇವನ್ನ ನಾನು ಕಂಡೇ ಇಲ್ಲ. ನಾಳೆ ಎಡೆ ಇಟ್ರೆ ಇವನೇ ಉಣ್ಣಕ್ಕೆ ಬತ್ತಾನೆ. ನಿಮ್ಮಪ್ಪ ಬಾಗ್ಲಿಗಂಟ ಬಂದು, ಯಾರೋ ಕೋಟಿನ ಯಜಮಾನ ಕೂತವ್ನೆ ಅಂತ ಹಸ್ಕೊಂಡೇ ವಾಪಸ್ ಹೋಯ್ತಾರೆ. ಬದುಕಿದ್ದಾಗ ಕೋಟಿನೋರ ಎದ್ರಿಗೆ ಒಳೀಕ್ ಹೋದೋರೇನ್ಲಾ ಅವ್ರು?"

ಭೀಮರಾಜನ ಮುಖ ಕಪ್ಪಿಟ್ಟಿತು. "ಹಂಗಾದ್ರೆ ಹೆಂಗಿದ್ರು ಹೇಳವ್ವ. ಅಳಿಸಿ ಬರೀತಾನೆ."

ಅವಳು ಕಣ್ಣು ಮುಚ್ಚಿದಳು. ಗಂಡನ ಮುಖ ಬರಲಿಲ್ಲ. ಮಗನ ಮುಖ ಬಂತು; ಅದನ್ನು ತಳ್ಳಿದರೆ ಗೋಡೆಯ ಮೇಲಿನವನು ಬಂದ.

"ಮೊಖ ಬರಾಕಿಲ್ಲ ಕಣ್ಲಾ... ಮೊಖ ಯಾವಾಗ್ ನೋಡ್ದೆ ನಾನು? ಮನೇಲಿ ಅತ್ತೆ ಮಾವ. ಬೆಳಕಿದ್ದಾಗ ಎದ್ರಾ ಎದ್ರು ನಿಂತಿದ್ದೇ ಇಲ್ಲ. ಹೊಲಕ್ಕಾಗ್ಲಿ ಸಂತೆಗಾಗ್ಲಿ, ಅವ್ರು ಮುಂದೆ, ನಾನು ಹಿಂದೆ."

ಕುಂಚ ತೊಳೆಯುತ್ತಿದ್ದ ಮಧುಕುಮಾರ ಕೈ ನಿಲ್ಲಿಸಿದ. "ಹಿಂದ್ಗಡೆಯಿಂದ ಹೆಂಗ್ ಕಾಣೋರು ಅವ್ವಾ?"

ಆಗ ಅವಳ ಮಾತು ತಡೆಯಲಿಲ್ಲ. ಎಡ ಹೆಗಲು ಒಂಚೂರು ಇಳಿದಿತ್ತು. ಅದರ ಮೇಲೆ ಮಡಿಸಿದ ಕಂಬಳಿ, ಬಿಸಿಲಿಗೆ ಕಪ್ಪು ಹೋಗಿ ಬೂದುಬಣ್ಣವಾದದ್ದು. ಸೊಂಟದ ಹಿಂದೆ ಕುಡುಗೋಲು. ಬಲಗಿವಿಯ ಕೆಳಗೆ ಒಂದು ನರಹುಲಿ. ಹಿಮ್ಮಡಿಗೆ ರಾಗಿ ಹೊಲದ ಕೆಮ್ಮಣ್ಣು.

ಮಾರನೆಯ ಮಧ್ಯಾಹ್ನಕ್ಕೆ ಕೋಟಿನವನು ಸುಣ್ಣದಡಿಗೆ ಹೋಗಿ, ಹೊಲದ ದಾರಿಯಲ್ಲಿ ಬೆನ್ನು ತೋರಿಸಿ ನಡೆಯುವವನೊಬ್ಬ ಗೋಡೆಗೆ ಬಂದಿದ್ದ.

"ಬೆನ್ನಿಗೆ ಎಡೆ ಇಡೋದಾ? ಊರೋರು ಉಗೀತಾರೆ," ಎಂದು ಭೀಮರಾಜ್ ಚಡಪಡಿಸಿದ.

"ಉಗಿಯೋರು ಹೆಂಗಿದ್ರೂ ಉಗೀತಾರೆ ಬಿಡ್ರೀ. ಅತ್ತೇನ ನೋಡಿ," ಎಂದಳು ಮಾಲಿನಿ.

ಚಲುವಮ್ಮ ಇಳಿದ ಹೆಗಲನ್ನು ಮುಟ್ಟುತ್ತ ನಿಂತಿದ್ದಳು. ಬೆರಳಿಗೆ ಹಸಿ ಬಣ್ಣ ಹತ್ತಿತ್ತು. "ಇವ್ರೇ ಕಣ್ಲಾ," ಎಂದಳು.

ಮುದ್ದೆ, ಬಾಡಿನ ಸಾರು, ವಡೆ ಎಲೆಗೆ ಬಿದ್ದವು. ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹೊಸಿಲಲ್ಲಿ ಚಲುವಮ್ಮನ ಕಾಲು ತಡೆಯಿತು. ಗೋಡೆಯ ಮೇಲಿನವನು ಒಂದು ಹೆಜ್ಜೆ ಎತ್ತಿದ್ದ. ಎಡೆಯ ಕಡೆಗೆ ನೋಡದೆ ಹಾಗೇ ಹೊಲಕ್ಕೆ ಹೊರಟುಬಿಟ್ಟರೆ? ಹೊರಟವರನ್ನು ಹಿಂದಿನಿಂದ ಕರೆಯಬಾರದು. ಬಾಳಿದಷ್ಟು ದಿನ ಅವಳು ಕರೆದವಳೂ ಅಲ್ಲ.

"ಏನ್ರೀ," ಎಂದಳು. ದನಿ ಹೊರಡಲಿಲ್ಲ. ಸೆರಗಿನಿಂದ ಬಾಯೊರೆಸಿಕೊಂಡು ಮತ್ತೆ ಕರೆದಳು. "ಏನ್ರೀ, ಇತ್ಲಾಗ್ ತಿರುಗ್ರೀ. ಮುದ್ದೆ ಆರೋಗ್ತೈತೆ."

ಹೊರಗೆ ಬಂದು ಬಾಗಿಲನ್ನು ತಾನೇ ಎಳೆದುಕೊಂಡಳು. ಏನೋ ಕೇಳಲು ಬಾಯಿ ತೆರೆದ ಮಗನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿ, ಬಾಗಿಲ ಹಲಗೆಗೆ ಕಿವಿ ಹಚ್ಚಿ ಕೂತಳು.