ಕ್ಷೌರಿಕನ ಕೆಂಪು ಕಣ್ಣು

ಬಸ್ ನಿಲ್ದಾಣದ ಎದುರಿನ ಸಲೂನಿನ ಕ್ಷೌರಿಕನಿಗೆ ಐವತ್ನಾಲ್ಕು ತುಂಬಿದ್ದರೂ ಕನ್ನಡಕ ಎಂದರೆ ಆಗುತ್ತಿರಲಿಲ್ಲ. ಸೋಡಾಬುಡ್ಡಿ ಹಾಕಿದವನ ಕತ್ತಿಗೆ ಯಾರು ಕುತ್ತಿಗೆ ಒಡ್ಡುತ್ತಾರೆ ಎಂಬುದು ಅವನ ವಾದ. ಹಾಗಾಗಿ ಹದಿನೈದು ವರ್ಷದಿಂದ ಕಾಂಟ್ಯಾಕ್ಟ್ ಲೆನ್ಸ್. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯೂ ಜೊತೆಗಿತ್ತು. ಅದನ್ನು ಅವನು ಕರೆಯದೆ ಬಂದ ನೆಂಟನಂತೆ ಮಾತಾಡಿಸದೆ ಬಿಟ್ಟಿದ್ದ.

ಒಂದು ಬೆಳಿಗ್ಗೆ ಎಡಗಣ್ಣು ಕೆಂಪಗಾಗಿತ್ತು.

“ಮತ್ತೆ ಲೆನ್ಸ್ ಹಾಕ್ಕೊಂಡೇ ಮಲಗಿದ್ರಾ?” ಎಂದಳು ಹೆಂಡತಿ.

“ನೋವೇ ಇಲ್ಲ ಕಣೇ. ನೋವಿಲ್ಲ ಅಂದ್ಮೇಲೆ ಏನಾಗಿರುತ್ತೆ?” ಎಂದು ಅವನು ಅಂಗಡಿಗೆ ನಡೆದ.

ಅಂದು ಮೊದಲು ಬಂದವರು ಕಣ್ಣಿನ ಡಾಕ್ಟರು. ಅವನಿಗಿಂತ ಹತ್ತು ವರ್ಷ ದೊಡ್ಡವರು, ಹಳೆಯ ಗಿರಾಕಿ. ಒಂದು ಕೆನ್ನೆ ಕೆರೆದು ಮುಗಿಯುವಷ್ಟರಲ್ಲಿ ಅವರು ಕನ್ನಡಿಯಲ್ಲಿ ಅವನನ್ನೇ ದಿಟ್ಟಿಸತೊಡಗಿದರು.

“ಕತ್ತಿ ಕೆಳಗಿಡಪ್ಪ. ಆ ಕಣ್ಣು ಮಂಜಾಗಿದ್ಯಾ?”

“ಒಂಚೂರು. ಆದ್ರೆ ನೋವಿಲ್ಲ ಸಾರ್.”

“ಅದೇ ನನಗೆ ಹೆದರಿಕೆ. ನಡಿ ಕ್ಲಿನಿಕ್ಕಿಗೆ.”

“ಇನ್ನೊಂದು ಕೆನ್ನೆ?”

“ಅದು ಎಲ್ಲಿಗೂ ಓಡಿಹೋಗಲ್ಲ.”

ಅರ್ಧ ಗಡ್ಡದ ಡಾಕ್ಟರು ಮುಂದೆ, ಏಪ್ರನ್ ಬಿಚ್ಚದ ಕ್ಷೌರಿಕ ಹಿಂದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು.

ಲೆನ್ಸ್ ತೆಗೆಸಿದ ಡಾಕ್ಟರು ಹತ್ತಿಯ ಎಳೆಯೊಂದನ್ನು ಅವನ ಕಣ್ಣುಗುಡ್ಡೆಗೆ ತಾಗಿಸಿದರು. ಅವನು ರೆಪ್ಪೆ ಕೂಡ ಮಿಟುಕಿಸಲಿಲ್ಲ.

“ಬೇರೆಯವರಾಗಿದ್ರೆ ಕುರ್ಚಿಯಿಂದಲೇ ಎದ್ದುಬಿಡ್ತಿದ್ರು,” ಎಂದರು. “ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಪದರ ಇದೆಯಲ್ಲ, ಕಾರ್ನಿಯಾ, ಸಕ್ಕರೆಯಿಂದ ಅದರ ನರಗಳು ಮಂಕಾಗಿವೆ. ಲೆನ್ಸ್ ಉಜ್ಜಿ ಗೀರಾಗಿದೆ, ನಿನಗೆ ಗೊತ್ತೇ ಆಗಿಲ್ಲ. ಸಕ್ಕರೆ ಇದ್ದವರಿಗೆ ಗಾಯ ಮಾಯೋದೂ ನಿಧಾನ. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಹುಣ್ಣಾಗ್ತಿತ್ತೇನೋ.”

ಅಂಗಡಿಗೆ ಮರಳಿ ಕತ್ತಿ ಎತ್ತಿಕೊಂಡವನು ಅದನ್ನು ಹಾಗೇ ಕೆಳಗಿಟ್ಟ. ಅದನ್ನು ಕಂಡ ಡಾಕ್ಟರು ಉಳಿದ ಕೆನ್ನೆಯನ್ನು ತಾವೇ ಕೆರೆದುಕೊಂಡರು.

ಹೆಂಡತಿ ಗಡಿಯಾರ ನೋಡಿ ನೋಡಿ ಕಣ್ಣಿಗೆ ಹನಿ ಹಾಕಿದಳು, ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅವನು ದಿನಾ ಬೆಳಿಗ್ಗೆ ಗೊಣಗುತ್ತಲೇ ವಾಕಿಂಗ್ ಹೋದ. ಮೂರು ವಾರದಲ್ಲಿ ಗೀರು ಮಾಯಿತು. ಲೆನ್ಸ್ ಮಾತ್ರ ಸದ್ಯಕ್ಕೆ ಬೇಡ ಎಂದರು ಡಾಕ್ಟರು.

ಹತ್ತಿರದ್ದೂ ಸ್ಪಷ್ಟವಾಗಿ ಕಾಣುವ ಹೊಸ ಕನ್ನಡಕ ಏರಿಸಿ ಅಂಗಡಿ ತೆರೆದ ದಿನ, ನಿವೃತ್ತ ಮೇಷ್ಟ್ರೊಬ್ಬರ ಕಿವಿಯ ಹಿಂದೆ ಬಗ್ಗಿದವನು ಹಾಗೇ ನಿಂತುಬಿಟ್ಟ.

“ಮೇಷ್ಟ್ರೇ, ಇಲ್ಲಿ ಇಷ್ಟೊಂದು ಕೂದಲಿದೆಯಲ್ಲ, ಯಾವಾಗಿಂದ?”

“ನಾಲ್ಕೈದು ವರ್ಷ ಆಯ್ತಪ್ಪ. ನಿನ್ನ ಕಣ್ಣಿಗೆ ಬೀಳ್ತಿರಲಿಲ್ಲ, ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ ಮನೇಲಿ ಹೆಂಡತಿ ಕೈಲಿ ತೆಗೆಸ್ಕೋತಿದ್ದೆ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಕ್ಷೌರಿಕ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕ.