ಒಗೆಯುವ ಕಲ್ಲಿಗೆ ಸಿಕ್ಕ ಮರ್ಯಾದೆ

ಚನ್ನಗಿರಿಯ ಅಡಿಕೆ ಮಂಡಿಯನ್ನು ತಮ್ಮನಿಗೆ ಒಪ್ಪಿಸಿ ಗುರುಬಸವರಾಜ್ ಶಾಸನ ಓದಲು ಹೊರಟಾಗ ಅವನಿಗೆ ನಲವತ್ತೈದು ದಾಟಿತ್ತು. ಅಂಚೆ ತೆರಪಿನ ಶಿಕ್ಷಣದಲ್ಲಿ ಎಂ.ಎ. ಮಾಡಿಕೊಂಡಿದ್ದ, ಹಳೆಯ ಲಿಪಿಯನ್ನು ಮಂಡಿಯ ಗಲ್ಲಾದ ಹಿಂದೆಯೇ ಕೂತು ಕಲಿತಿದ್ದ. ವಿಶ್ವವಿದ್ಯಾಲಯದ ಪ್ರೊಫೆಸರರು ಕಡ್ಡಿ ಮುರಿದಂತೆ ಹೇಳಿದ್ದರು: "ಯಾರೂ ಓದದ ಒಂದು ಶಾಸನ ಹುಡುಕಿ, ಒದ್ದೆ ಕಾಗದ ಒತ್ತಿ, ಮಸಿ ಬಳಿದು ಪಡಿಯಚ್ಚು ತೆಗೆದು ತನ್ನಿ. ಪಿಎಚ್.ಡಿ.ಗೆ ತಗೋತೀನಿ. ಇಲ್ಲಾಂದ್ರೆ ಅಡಿಕೆ ಇದ್ದೇ ಇದೆಯಲ್ಲ."

ಹೆಂಡತಿ ಪ್ರೇಮಲತಾ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮನೆಯೋರು ಮೊದ್ಲು ಅಡಿಕೆ ಮುಟ್ಟಿ ಯಾವ ತೋಟದ್ದು ಅಂತಿದ್ರು. ಈಗ ಕಲ್ಲು ಮುಟ್ಟಿ ಯಾವ ರಾಜಂದು ಅಂತಾರೆ. ನಾನು ಯಾರು ಅಂತ ಕೇಳಿದ್ರೆ ಮಾತ್ರ ಸ್ವಲ್ಪ ಟೈಮ್ ಬೇಕು."

ಹೊನ್ನಾಳಿ, ನ್ಯಾಮತಿ ಕಡೆಯ ಕಲ್ಲುಗಳನ್ನೆಲ್ಲ ಯಾರೋ ಓದಿ ಮುಗಿಸಿದ್ದರು. ಕೊನೆಗೆ ಜಗಳೂರಿನಾಚೆಯ ಒಂದು ಹಳ್ಳಿಯಲ್ಲಿ, ಗಿಡ್ಡಮ್ಮ ಎಂಬ ಮುದುಕಿ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಹಾರೆ ಹಾಕಿ ಮಗುಚಿಸಿದಾಗ, ಅದರ ಕೆಳಮೈಯಲ್ಲಿ ಸಾಲು ಸಾಲು ಅಕ್ಷರ ಮಣ್ಣು ಮೆತ್ತಿಕೊಂಡು ಮಲಗಿತ್ತು. ಯಾವ ಪುಸ್ತಕದಲ್ಲೂ ಇಲ್ಲದ ಶಾಸನ.

ಅಷ್ಟರಲ್ಲಿ ಊರೇ ನೆರೆಯಿತು. ಗುಡಿ ಕಮಿಟಿಯ ಅಧ್ಯಕ್ಷ ಕೊಟ್ರಬಸಪ್ಪ ಹಾರ ತರಿಸಿದ. ಮಂಡಿಯಲ್ಲಿ ಗುರುಬಸವರಾಜನಿಗೆ ಯಾರೂ ಹಾರ ಹಾಕಿದವರಲ್ಲ. ಬ್ರಷ್ಷು, ಮಸಿ, ಕಾಗದ ಚೀಲದಲ್ಲೇ ಇದ್ದವು. ಮೊದಲು ನಾಲ್ಕು ಮಾತಾಡೋಣ ಎನಿಸಿತು. "ಇದು ಬರೀ ಕಲ್ಲಲ್ಲ, ನಿಮ್ಮ ಹಿರಿಯರ ಮಾತು. ಇದರ ಮೇಲೆ ಬಟ್ಟೆ ಬಡೀತೀರಾ? ಗುಡಿ ಮುಂದೆ ನಿಲ್ಲಿಸ್ರಿ, ಮರ್ಯಾದೆ ಮಾಡ್ರಿ!" ಜಗಳೂರಿನ ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಮಾತಾಡಿದ. ಪಡಿಯಚ್ಚಿಗೆ ಮುಂದಿನ ವಾರ ಬಂದರಾಯಿತು, ಕಲ್ಲೇನು ಎದ್ದು ಹೋಗುತ್ತದೆಯೇ? ಫೋಟೊ ಒಂದನ್ನು ಮಾತ್ರ ತೆಗೆಸಿಕೊಂಡ. ಅದರಲ್ಲಿ ಹಾರ ಚೆನ್ನಾಗಿ ಬಂದಿದೆ. ಶಾಸನ ಅವನ ಬೆನ್ನ ಹಿಂದೆ ಮರೆಯಾಗಿದೆ.

ಇನ್ನೆರಡು ಊರುಗಳು ಭಾಷಣಕ್ಕೆ ಕರೆದವು. ಮುಂದಿನ ವಾರ ಅನ್ನುವುದು ಎರಡು ತಿಂಗಳಾಯಿತು. ಮತ್ತೆ ಹೋದಾಗ ಕಲ್ಲು ಗುಡಿಯ ಮುಂದೆ ಟೈಲ್ಸ್ ಹಾಕಿದ ಕಟ್ಟೆಯ ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಹೆಂಗೈತೆ ಸಾರ್?" ಎಂದ ಕೊಟ್ರಬಸಪ್ಪ. "ಹಳೇ ಅಕ್ಷರ ನಮಗ್ಯಾರಿಗೂ ಓದಾಕೆ ಬರ್ತಿರಲಿಲ್ಲ. ಮಷೀನ್ ಹಿಡಿಸಿ ನುಣ್ಣಗೆ ಉಜ್ಜಿಸಿ ದಾನಿಗಳ ಹೆಸರು ಕೆತ್ತಿಸೀವಿ. ಮೊದಲ್ನೇದು ನಿಮ್ದೇ, ನೋಡ್ರಿ. ನೀವೇನೂ ಕೊಡದಿದ್ರೂ!"

ಹೆಸರಿಗೆ ಬಂಗಾರದ ಬಣ್ಣ ತುಂಬಿದ್ದರು. ಕಟ್ಟೆಯ ಪಕ್ಕದಲ್ಲಿ ನಿಂತಿದ್ದ ಗಿಡ್ಡಮ್ಮ ಅವನನ್ನೇ ನೋಡಿದಳು. "ನನ್ನ ಕಲ್ಲು ಹೋತು ಯಪ್ಪಾ, ಸಿಮೆಂಟಿನ ಮ್ಯಾಲೆ ಒಗದ್ರೆ ಸೀರೆ ಹರೀತಾವೆ. ನಿನಗಾದ್ರೂ ಉಪಯೋಗ ಆತಾ?"

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಪ್ರೇಮಲತಾ ಫೋನು ಮಾಡಿದಳು. "ಓದಿದ್ರಾ? ಏನು ಬರ್ದೈತ್ರೀ ಕಲ್ಲಾಗೆ?"

"ನನ್ನ ಹೆಸರು."

"ಅಯ್ಯೋ, ಅಷ್ಟು ಹಳಬರೇನ್ರೀ ನೀವು?"

ಅವನು ನಗಲಿಲ್ಲ. "ತಮ್ಮನ್ನ ಒಂದು ಮಾತು ಕೇಳು," ಎಂದ. "ಮಂಡಿಯಾಗೆ ನನಗೊಂದು ಕುರ್ಚಿ ಉಳಿಸ್ಯಾನೇನು ಅಂತ."