ಬಲಮಗ್ಗುಲು

“ಸ್ವಲ್ಪ ತಡ್ಕೊಳ್ಳಿ ಹಾಜಿ, ಮುಗೀತು, ಮುಗೀತು,” ಎನ್ನುತ್ತ ರಾವ್ಯಾ ಮುದುಕನ ಬಲ ಸೊಂಟದ ಹುಣ್ಣಿಗೆ ಅಳತೆಪಟ್ಟಿ ಹಿಡಿದಳು. ಮತ್ತೆ ಅಗಲವಾಗಿತ್ತು. ಅಂಚು ಕಪ್ಪಿಟ್ಟಿತ್ತು. ಬರೆದುಕೊಂಡು, ಪಟ್ಟಿ ಮಡಚಿ, ಪರದೆ ಸರಿಸಿ ಹೊರಬಂದಳು. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ನಬವಿಯ್ಯಾ ಅವಳ ಕೈಯಲ್ಲಿದ್ದ ಅಳತೆಪಟ್ಟಿಯನ್ನೇ ನೋಡಿದಳು.

ಆ ಮುದುಕ ದುಸೂಕಿ, ದುಮ್ಯಾತ್ ಊರಿನ ಬಡಗಿ. ಊರಿನ ಅರ್ಧದಷ್ಟು ಮದುವೆಮಂಚಗಳು ಅವನ ಕೈಯಲ್ಲೇ ಆದವು. ಲಕ್ವ ಹೊಡೆದು ಕೈಕಾಲು, ಮಾತು ಎಲ್ಲ ಹೋಗಿದ್ದವನಿಗೆ ಈಗ ಬೆರಳುಗಳು ಆಡತೊಡಗಿದ್ದವು. ಬದುಕಿಕೊಳ್ಳುತ್ತಾನೆ ಎಂದು ಡಾಕ್ಟರು ರಾವ್ಯಾಳಿಗೆ ಹೇಳಿದ್ದರು. ಅಡ್ಡಿಯೆಂದರೆ ಈ ಹಾಳು ಹುಣ್ಣೊಂದೇ. ಅದು ಎಲುಬಿಗಿಳಿದು ನಂಜೇರಿದರೆ ಮುಗಿಯಿತು. ಮಲಗಿದಲ್ಲೇ ಇರುವವರ ಬೆನ್ನು, ಸೊಂಟ, ಹಿಮ್ಮಡಿ ನೋಡಿ, ಅಳೆದು, ಬರೆದಿಡುವುದು ಆ ಆಸ್ಪತ್ರೆಯಲ್ಲಿ ರಾವ್ಯಾಳ ಕೆಲಸ. ಬಲಮಗ್ಗುಲು ಕೂಡದು, ಎಡಕ್ಕೆ, ಅಂಗಾತ, ಮತ್ತೆ ಎಡಕ್ಕೆ ಎಂದು ಅವಳೇ ಅಪ್ಪಣೆ ಮಾಡಿದ್ದಳು.

ಯಾವ ಹೊತ್ತಿಗೆ ಯಾವ ಕಡೆ ತಿರುಗಿಸಿದರೆಂದು ಬರೆಯುವ ಹಾಳೆಯಲ್ಲೂ ಹಾಗೆಯೇ ಇತ್ತು. ರಾತ್ರಿ ಪಾಳಿಯ ನರ್ಸ್ ಇನ್ಶಿರಾಹಳ ದುಂಡು ಅಕ್ಷರ, ಒಂದೂ ತಪ್ಪಿಲ್ಲ. ರಾವ್ಯಾಳಿಗೆ ಮೈ ಉರಿದದ್ದೇ ಅದಕ್ಕೆ. ಎಡಕ್ಕೆ ಮಲಗಿದವನಿಗೆ ಬಲಕ್ಕೆ ಹುಣ್ಣು ಬೆಳೆಯುತ್ತದೆಯೇ? ಎಲ್ಲೋ ಮೂಲೆಯಲ್ಲಿ ನಿದ್ದೆ ಹೊಡೆದು, ಬೆಳಕು ಹರಿಯುತ್ತಲೇ ಎಲ್ಲವನ್ನೂ ಒಟ್ಟಿಗೆ ಗೀಚುತ್ತಿದ್ದಾಳೆ. ಇಲ್ಲದಿದ್ದರೆ ಇಡೀ ರಾತ್ರಿ ಎದ್ದಿದ್ದವಳ ಕಣ್ಣಿನ ಕಾಡಿಗೆ ಇಷ್ಟು ನೆಟ್ಟಗಿರುತ್ತದೆಯೇ?

“ನಿದ್ದೆ ಚೆನ್ನಾಗಿ ಬಂತೇನಮ್ಮಾ?” ಎಂದಳು, ಮನೆಗೆ ಹೊರಟಿದ್ದ ಇನ್ಶಿರಾಹಳನ್ನು ತಡೆದು.

“ಏನು ಮಾತೂಂತ ಆಡ್ತೀರಿ? ನನಗೆ ಕೆಲಸ ಕಲಿಸಿದೋರು ನೀವು.”

“ಸುಳ್ಳು ಬರೆಯೋದನ್ನ ನಾನು ಕಲಿಸಿಲ್ಲ ಕಣೇ.”

ಇನ್ಶಿರಾಹ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು. ತಪ್ಪಿಲ್ಲದವಳಾದರೆ ಜಗಳ ಆಡುತ್ತಿದ್ದಳಲ್ಲ ಎಂದುಕೊಂಡು ರಾವ್ಯಾ ನೇರ ಮೇಟ್ರನ್ ಹತ್ತಿರ ಹೋದಳು. ಮೇಟ್ರನ್ ಚಹಾ ಲೋಟ ಕೆಳಗಿಡದೆಯೇ, “ಸಂಜೆ ಬೇಗ ಬರೋಕೆ ಹೇಳ್ತೀನಿ. ನಿಜ ಅಂತಾದ್ರೆ ನಾಳೆಯಿಂದ ಅವಳು ಬರೋದೇ ಬೇಡ,” ಎಂದರು. ರಾವ್ಯಾಳಿಗೆ ಒಳಗೊಳಗೇ ಸಮಾಧಾನವೇ ಆಯಿತು.

ಸಂಜೆಯ ಹೊತ್ತಿಗೆ ದುಸೂಕಿಯನ್ನು ತಾನೇ ನಿಂತು ಎಡಕ್ಕೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಔಷಧದ ಗಾಡಿ ತಳ್ಳಿಕೊಂಡು ಹೋದಳು. ಪಕ್ಕದ ವಾರ್ಡು ಮುಟ್ಟಿದ ಮೇಲೆ ಪೆನ್ನು ಅಲ್ಲೇ ಬಿಟ್ಟದ್ದು ನೆನಪಾಯಿತು. ಗಾಡಿ ಅಲ್ಲೇ ನಿಲ್ಲಿಸಿ ಬರಿಗೈಯಲ್ಲಿ ಹಿಂದಿರುಗಿ ಪರದೆ ಎತ್ತಿದಳು.

ನಬವಿಯ್ಯಾ ಮಂಚಕ್ಕೆ ಮೊಣಕಾಲೂರಿ, ಗಂಡನನ್ನು ಎರಡೂ ತೋಳಲ್ಲಿ ತಬ್ಬಿ, ಬಲಮಗ್ಗುಲಿಗೆ ಹೊರಳಿಸುತ್ತಿದ್ದಳು. ದಿಂಬು ನೆಲದ ಮೇಲೆ ಬಿದ್ದಿತ್ತು.

“ಅಯ್ಯೋ, ಏನ್ ಮಾಡ್ತಿದೀಯಮ್ಮ ನೀನು!”

ಮುದುಕಿ ಬೆಚ್ಚಿದಳು, ಆದರೆ ಗಂಡನನ್ನು ಬಿಡಲಿಲ್ಲ. “ಬೈಯೋದಾದ್ರೆ ಬೈಯಿ. ಕಾಬಾ ಈ ಕಡೆಗಿದೆ. ಹೋಗೋ ಜೀವಾನ ಬಲಮಗ್ಗುಲಿಗೆ, ಆ ಕಡೆ ಮುಖ ಮಾಡಿಸಿ ಮಲಗಿಸ್ಬೇಕು. ಅಷ್ಟಕ್ಕೂ ಬಿಡಲ್ಲ ಅಂತೀರಲ್ಲ, ನೀವೆಂಥ ಜನ?”

“ರಾತ್ರೀನೂ ನೀನೇನಾ?”

“ಇನ್ಯಾರು? ಆ ಹುಡುಗಿ ಪಾಪ, ಎದ್ದೆದ್ದು ಬಂದು ಎಡಕ್ಕೆ ತಿರುಗಿಸ್ತಾಳೆ. ಅವಳು ಹೋದ್ಮೇಲೆ ನಾನು ಈ ಕಡೆಗೆ ತಿರುಗಿಸ್ತೀನಿ. ಗಾಡಿ ಸದ್ದಾದ್ರೆ ಮತ್ತೆ ಇದ್ದ ಹಾಗೆ ಮಾಡ್ತೀನಿ.”

ರಾವ್ಯಾ ನೆಲದ ಮೇಲಿದ್ದ ದಿಂಬನ್ನು ಎತ್ತಿಕೊಂಡಳು. “ಹೋಗ್ತಾರೆ ಅಂತ ನಿನಗೆ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಯಾರಾದ್ರೂ ಏನಾದ್ರೂ ಹೇಳ್ತೀರಾ ನೀವು? ದಿನಾ ಬರ್ತೀಯ, ನನ್ನ ಹೊರಗೆ ಹಾಕ್ತೀಯ, ಪರದೆ ಎಳೀತೀಯ, ಅಳತೆ ತೆಗೀತೀಯ. ಬರ್ಕೊಂಡು ಮುಖ ಸಣ್ಣಗೆ ಮಾಡ್ಕೊಂಡು ಹೋಗ್ತೀಯ. ಬಡಗಿ ಹೆಂಡ್ತಿ ನಾನು, ಅಳತೆ ಯಾತಕ್ಕೆ ತೆಗೀತಾರೆ ಅಂತ ಗೊತ್ತಾಗಲ್ವಾ? ಹೆಣಕ್ಕೆ ಹೊದಿಸೋ ಕಫನ್ ಬಟ್ಟೆಗೆ ತಾನೇ?”

ರಾವ್ಯಾ ಎಷ್ಟು ದಿನದಿಂದ ಅಳೆಯುತ್ತಿದ್ದಳು, ಒಂದು ದಿನವಾದರೂ ಈ ಹೆಂಗಸಿಗೆ ಒಂದು ಮಾತು ಹೇಳಿದ್ದಳೇ? ಮುದುಕಿಯ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಹುಣ್ಣಿನ ಪಟ್ಟಿ ಬಿಚ್ಚಿ ತೋರಿಸಿದಳು. “ಇದನ್ನಮ್ಮಾ, ನಾನು ಅಳೀತಿದ್ದಿದ್ದು ಇದನ್ನ. ಅವರು ಸಾಯಲ್ಲ. ಇದೊಂದು ಮಾಯ್ದರೆ ಮನೆಗೆ ಹೋಗ್ತಾರೆ.”

ನಬವಿಯ್ಯಾ ಹುಣ್ಣನ್ನು ನೋಡಿದಳು, ತನ್ನ ಕೈಗಳನ್ನು ನೋಡಿಕೊಂಡಳು. “ಸಾಯಲ್ವಾ?” ಎಂದಳು. ಆಮೇಲೆ ರಾವ್ಯಾಳ ತೋಳಿಗೆ ಪಟಪಟ ಹೊಡೆದಳು. “ಮೊದಲೇ ಹೇಳೋಕೆ ನಿನ್ನ ಬಾಯಿಗೇನಾಗಿತ್ತೇ! ಏನಾಗಿತ್ತೇ!” ಹೊಡೆಯುತ್ತ ಹೊಡೆಯುತ್ತ ಅವಳ ಹೆಗಲಿಗೇ ಮುಖವಿಟ್ಟು ಅತ್ತಳು.

ಮೇಟ್ರನ್ ಕೋಣೆಗೆ ರಾವ್ಯಾ ಓಡುನಡಿಗೆಯಲ್ಲಿ ಹೋದಾಗ ಇನ್ಶಿರಾಹ ಆಗಲೇ ಬಂದು ಮೇಜಿನ ಮುಂದೆ ನಿಂತಿದ್ದಳು. ರಾವ್ಯಾ ನಡೆದದ್ದನ್ನೆಲ್ಲ ಹೇಳಿದಳು, ತಪ್ಪು ತನ್ನದೆಂದಳು. “ಸರಿ ಬಿಡಿ, ಇಬ್ರೂ ಕೆಲಸಕ್ಕೆ ಹೋಗಿ,” ಎಂದರು ಮೇಟ್ರನ್. ಅವರಿಗೆ ಅದು ಅಲ್ಲಿಗೆ ಮುಗಿಯಿತು.

ಇನ್ಶಿರಾಹ ಮುಂದೆ ಮುಂದೆ ನಡೆದು ವಾರ್ಡಿಗೆ ಬಂದಳು. ಕೈ ತೊಳೆದುಕೊಂಡು ಹಾಸಿಗೆಯ ಬಟ್ಟೆಯ ಒಂದು ತುದಿ ಹಿಡಿದಳು. ರಾವ್ಯಾ ಇನ್ನೊಂದನ್ನು ಹಿಡಿದಳು. ನಬವಿಯ್ಯಾ ಗಂಡನ ತಲೆಗೆ ಕೈಕೊಟ್ಟಳು. ಮೂವರೂ ಸೇರಿ ಎಡಕ್ಕೆ ತಿರುಗಿಸಿದ ಮೇಲೆ ಮುದುಕಿ ಸ್ಟೂಲನ್ನು ಎಳೆದುಕೊಂಡು ಆ ಕಡೆಗೆ, ಅವನ ಮುಖದ ಎದುರಿಗೆ ಹೋಗಿ ಕೂತಳು.

“ಇನ್ಶಿರಾಹ...” ಎನ್ನುತ್ತ ರಾವ್ಯಾ ಪೆನ್ನು ಚಾಚಿದಳು.

“ನೀವೇ ಬರೀರಿ,” ಎಂದಳು ಇನ್ಶಿರಾಹ, ದಿಂಬು ಸರಿಮಾಡುತ್ತ. “ನಾನು ಬರೆದ್ರೆ ಯಾರು ನಂಬ್ತಾರೆ?”

ಅವಳು ಪಕ್ಕದ ಮಂಚಕ್ಕೆ ಹೋದಳು. ರಾವ್ಯಾ ಹಾಳೆ ಹಿಡಿದು, ಆ ದುಂಡು ಅಕ್ಷರಗಳ ಕೆಳಗಿನ ಖಾಲಿ ಚೌಕದಲ್ಲಿ ಪೆನ್ನಿನ ಮೊನೆ ಊರಿಕೊಂಡು ಬಹಳ ಹೊತ್ತು ನಿಂತೇ ಇದ್ದಳು.